ಕಾಣದೆ ಹೋಗಿದ್ದನ್ನು ಬರೆದುಕೊಟ್ಟವರು

ಸ್ಕ್ಯಾನಿಂಗ್ ಡಾಕ್ಟ್ರಮ್ಮ ಕೆಲಸ ನಿಲ್ಲಿಸಿದ ಸುದ್ದಿಯನ್ನು ನನಗೆ ಮುಟ್ಟಿಸಿದ್ದು ಒಂದು ಷಟರ್. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದು, ಖಾಲಿ ಹೊಟ್ಟೆಯಲ್ಲಿ, ಕಂಕುಳಲ್ಲಿ ರಿಪೋರ್ಟುಗಳ ಚೀಲ ಇಟ್ಟುಕೊಂಡು ಹೋಗಿ ನಿಂತರೆ ಅವರ ಸ್ಕ್ಯಾನಿಂಗ್ ಸೆಂಟರಿನ ಷಟರ್ ಇಳಿದಿತ್ತು. ಅದರ ಮೇಲೆ ಅಂಟಿಸಿದ್ದ ಬಿಳಿ ಹಾಳೆಯಲ್ಲಿ ಅವರದೇ ದುಂಡು ಅಕ್ಷರ: "ನನ್ನ ಬಲಭುಜ ಇನ್ನು ತನ್ನಿಂದಾಗದು ಅಂದಿದೆ. ಅದರ ಮಾತು ಕೇಳಿ ನಿಲ್ಲಿಸಿದ್ದೇನೆ. ಹಳೆಯ ರಿಪೋರ್ಟ್ ಬೇಕಾದವರು ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಕೇಳಿ."

ಮೂವತ್ತು ವರ್ಷ ಜನರ ಹೊಟ್ಟೆಯ ಮೇಲೆ ಆ ಯಂತ್ರದ ಹಿಡಿಯನ್ನು ಒತ್ತಿ ಒತ್ತಿ ಸವೆದ ಭುಜ ಅದು. ಆದರೆ ನಿಜ ಹೇಳಬೇಕು. ಹಾಳೆ ಓದಿದೊಡನೆ ನನಗೆ ನೆನಪಾದದ್ದು ಅವರ ಭುಜವಲ್ಲ, ನನ್ನ ಲಿವರು. ಇನ್ನು ಇದನ್ನು ಯಾರು ನೋಡುತ್ತಾರೆ ಅನ್ನುವುದು ಮೊದಲ ಯೋಚನೆ. ಭುಜದ ಬಗ್ಗೆ ಮರುಗಿದ್ದು ಎರಡನೆಯದು, ಅದೂ ನಾಚಿಕೆಯಾಗಿ. ನಾನು ಅಂಥವನು. ಊರಿನಲ್ಲಿ ಯಾರಿಗೆ ಏನಾದರೂ ಮೊದಲು ನನ್ನ ನಾಡಿ ನೋಡಿಕೊಳ್ಳುತ್ತೇನೆ.

ಡಾಕ್ಟ್ರಮ್ಮ ಕುಳ್ಳಗೆ ಇದ್ದರು. ಹತ್ತಿ ಸೀರೆ, ಅದರ ಮೇಲೆ ಬಿಳಿ ಕೋಟು. ಕೋಟಿನ ಬಲತೋಳನ್ನು ಮಾತ್ರ ಮೊಣಕೈವರೆಗೆ ಮಡಿಸಿರುತ್ತಿದ್ದರು, ಎಡತೋಳು ಇಸ್ತ್ರಿಯ ಗೆರೆ ಕೆಡದೆ ಹಾಗೇ ಇರುತ್ತಿತ್ತು. ಹೊಟ್ಟೆಗೆ ಹಚ್ಚಿದ ಜೆಲ್ ಒರೆಸಿಕೊಳ್ಳಲು ಬೇರೆ ಕಡೆ ಕೊಡುವ ಹಾಗೆ ಕಾಗದ ಕೊಡುತ್ತಿರಲಿಲ್ಲ. ಹಳೆಯ ಪಂಚೆಗಳನ್ನು ಹರಿದು, ಒಗೆಸಿ, ಒಣಗಿಸಿ, ಚೌಕವಾಗಿ ಮಡಿಸಿಟ್ಟ ಬಟ್ಟೆ. "ಕಾಗದ ಅಂಟ್ಕೊಳುತ್ತೆ. ಮನೇಗೆ ಹೋಗೋವರ್ಗೂ ಹೊಟ್ಟೆ ಮೇಲೆ ಚೂರು ಚೂರು," ಅನ್ನುತ್ತಿದ್ದರು.

ಅವರದೊಂದು ಕಟ್ಟುನಿಟ್ಟು ಇತ್ತು. ಸ್ಕ್ಯಾನ್ ಮಾಡುವ ಕೋಣೆ ಕತ್ತಲಾಗಿರಬೇಕು, ಇಲ್ಲದಿದ್ದರೆ ಪರದೆ ಕಾಣುವುದಿಲ್ಲ. ಆ ಕತ್ತಲಲ್ಲಿ ಅವರು ಉಸಿರು ಹಿಡಿಯಲು, ಬಿಡಲು ಹೇಳುವ ಮಾತೊಂದು ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. ರೋಗಿ ಏನು ಕೇಳಿದರೂ "ಹೂಂ" ಕೂಡ ಇಲ್ಲ. ನೋಡಿ ಮುಗಿದ ಮೇಲೆ ತಾವೇ ಎದ್ದು ಟ್ಯೂಬ್‌ಲೈಟ್ ಹಾಕಿ, ಬಟ್ಟೆ ಕೊಟ್ಟು, ರೋಗಿ ಎದ್ದು ಕುಳಿತು ಗುಂಡಿ ಹಾಕಿಕೊಳ್ಳುವ ತನಕ ಕಾದು, ಆಮೇಲೆ ಮಾತು. ಒಮ್ಮೆ ಕಾರಣ ಕೇಳಿದೆ.

"ಮಲಗಿರೋ ಮನುಷ್ಯನಿಗೆ, ಹೊಟ್ಟೆ ಬಿಚ್ಕೊಂಡು, ಕತ್ತಲಲ್ಲಿ, 'ಸಣ್ಣದೊಂದು ಇದೆ' ಅಂದ್ರೆ ಅವನಿಗೆ ಎಷ್ಟು ಸಣ್ಣದಾಗಿ ಕೇಳಿಸುತ್ತೆ ಹೇಳಿ?" ಅಂದರು.

ಉಸಿರಿನ ಮಾತನ್ನು ಮಾತ್ರ ಮೂರು ಭಾಷೆಯಲ್ಲಿ ಆಡುತ್ತಿದ್ದರು. ನಮ್ಮ ಕಡೆ ಅದು ಬೇಕೇ ಬೇಕು. "ಉಸಿರು ಎಳ್ಕೊಳಿ, ಹಿಡೀರಿ." ಬಾಗೇಪಲ್ಲಿ ಕಡೆಯವರಾದರೆ "ಊಪಿರಿ ಪಟ್ಟಂಡಿ." ಸಾಬರ ಮನೆಯ ಹೆಂಗಸರಾದರೆ "ಸಾಂಸ್ ರೋಕೋ ಅಮ್ಮಾ." ಆ ಕೋಣೆಗೂ ಕಾಯುವವರ ಬೆಂಚಿಗೂ ನಡುವೆ ಇದ್ದದ್ದು ಒಂದು ಹಸಿರು ಬಟ್ಟೆಯ ಪರದೆ ಅಷ್ಟೆ. ಒಂದು ದಿನ ಸಾದಲಿಯಿಂದ ಬಂದ ಅಜ್ಜಿಯೊಬ್ಬರಿಗೆ "ಹಿಡೀರಿ" ಅಂದರು. ಪರದೆಯ ಈಚೆ ಬೆಂಚಿನ ಮೇಲೆ ಕುಳಿತ ನಾವು ಆರು ಜನವೂ ಹಿಡಿದೆವು. ಒಳಗೆ ಅವರು ಅಳತೆ ತೆಗೆಯುತ್ತ ಕೊಂಚ ತಡಮಾಡಿದರು. ಈಚೆ ನನ್ನ ಪಕ್ಕದವನ ಮುಖ ಟೊಮೆಟೋ ಆಗಿತ್ತು. "ಬಿಡೀಮ್ಮಾ" ಎಂಬ ಮಾತು ಬಂದಾಗ ಬೆಂಚಿಗೆ ಬೆಂಚೇ ಉಸ್ಸಪ್ಪಾ ಅಂದಿತು. ಒಳಗಿಂದ ಅವರ ದನಿ: "ಆಚೆ ಇರೋರು ಉಸಿರಾಡ್ಬಹುದಪ್ಪಾ, ನಿಮ್ಮ ಸರದಿ ಬಂದಾಗ ಹೇಳ್ತೀನಿ."

ನಗಿಸಿದರೂ ತಾವು ನಗುತ್ತಿರಲಿಲ್ಲ. ಗೋಡೆಯ ಮೇಲೆ ಭ್ರೂಣದ ಲಿಂಗ ತಿಳಿಸುವುದಿಲ್ಲ ಎಂಬ ಬೋರ್ಡು ಎಲ್ಲ ಸ್ಕ್ಯಾನಿಂಗ್ ಸೆಂಟರಿನಲ್ಲೂ ಇರುತ್ತದಲ್ಲ, ಪಿತ್ತಕೋಶದ ಕಲ್ಲಿಗೆಂದು ಬಂದ ರೈತನೊಬ್ಬ ಅದನ್ನು ಓದಿ, "ನನ್ನ ಕಲ್ಲು ಗಂಡೋ ಹೆಣ್ಣೋ ಹೇಳಬಹುದಾ ಮೇಡಂ?" ಅಂದ. "ಮೂರಿವೆ. ಹೊರಗೆ ಬಂದ್ಮೇಲೆ ನೀವೇ ನೋಡ್ಕೊಳಿ," ಎಂದು ಬರೆಯುತ್ತಲೇ ಇದ್ದರು.

ಇನ್ನು ನನ್ನ ಕಥೆ. ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ಬಿತ್ತನೆ ಕೋಠಿಯ ನೌಕರ. ರೈತರಿಗೆ ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ಕೊಡುವ ಜಾಗ ಅದು. ನನ್ನ ಪಾಲಿನ ಕೆಲಸ ಸೂಕ್ಷ್ಮದರ್ಶಕದ್ದು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಗಳನ್ನು ಅರೆದು, ಆ ರಸದ ಹನಿಯನ್ನು ಗಾಜಿನ ಮೇಲೆ ಹಾಕಿ ನೋಡಬೇಕು. ಪೆಬ್ರಿನ್ ಅನ್ನುವ ರೋಗದ ಒಂದೇ ಒಂದು ಕಣ ಕಂಡರೂ ಆ ತಂಡದ ಮೊಟ್ಟೆಯನ್ನೆಲ್ಲ ಸುಟ್ಟುಬಿಡಬೇಕು. ಸಂಶಯದ ಲಾಭ ಯಾರಿಗೂ ಇಲ್ಲ. ಇಪ್ಪತ್ತೈದು ವರ್ಷ ಇದನ್ನೇ ಮಾಡಿದವನ ಮನಸ್ಸು ಹೇಗಿರುತ್ತದೋ ನನ್ನದೂ ಹಾಗೇ ಇದೆ.

ನಾಲ್ಕು ವರ್ಷದ ಹಿಂದೆ ಸೊಂಟದಿಂದ ತೊಡೆಗೆ ಇಳಿಯುವ ನೋವು ಬಂತು. ಶಿಡ್ಲಘಟ್ಟದಲ್ಲೇ ಸ್ಕ್ಯಾನ್ ಮಾಡಿಸಿದೆ. ಕಿಡ್ನಿಯಲ್ಲಿ ನಾಲ್ಕು ಮಿಲಿಮೀಟರಿನ ಕಲ್ಲು, ನೀರು ಕುಡಿಯಿರಿ, ಹೋಗುತ್ತದೆ ಅಂದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ರಿಪೋರ್ಟಿನ ಕೆಳಗೆ ಇನ್ನೊಂದು ಸಾಲಿತ್ತು: ಲಿವರಿನ ಬಲಭಾಗದಲ್ಲಿ ಎರಡೂಕಾಲು ಸೆಂಟಿಮೀಟರಿನ ಬೆಳ್ಳಗಿನ ಗಂಟು. ಅದರ ಮುಂದೆ ಎರಡು ಹೆಸರು, ಎರಡಕ್ಕೂ ಒಂದೊಂದು ಪ್ರಶ್ನೆ ಚಿಹ್ನೆ. ಮೊದಲನೆಯದು ಹಿಮ್ಯಾಂಜಿಯೋಮಾ. ಎರಡನೆಯದು, ಬೇರೆಲ್ಲಿಂದಲೋ ಹರಡಿ ಬಂದ ಕ್ಯಾನ್ಸರ್. ಕಲ್ಲು ಹುಡುಕಲು ಹೋದವರಿಗೆ ಅಕಸ್ಮಾತ್ತಾಗಿ ಸಿಕ್ಕಿದ ಗಂಟು. ಮೊದಲ ಹೆಸರನ್ನು ನಾನು ಓದಲೇ ಇಲ್ಲ. ಸಂಜೆಯೊಳಗೆ ಸಹೋದ್ಯೋಗಿಯ ಭಾವಮೈದುನನ ಮೂಲಕ ಬೆಂಗಳೂರಿನಲ್ಲಿ, ಆ ಗಂಟಿಗೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸುವುದಕ್ಕೆ ದಿನ ಗೊತ್ತುಮಾಡಿಕೊಂಡೆ. ಇದ್ದರೆ ಕತ್ತರಿಸಿ ತೆಗೆದುಬಿಡಲಿ ಅಂತ. ಸುಡುವವನ ಬುದ್ಧಿ.

ನನ್ನ ಹೆಂಡತಿ ತಡೆದಳು. "ರೀ, ನಿಮಗೆ ಎರಡು ಸೀನು ಬಂದ್ರೆ ಮೂರನೇದು ಬರೋದ್ರೊಳಗೆ ನೆಂಟ್ರಿಗೆಲ್ಲ ಫೋನ್ ಮಾಡೋ ಜನ ನೀವು. ಸೂಜಿ ಗೀಜಿ ಆಮೇಲೆ. ಮೊದ್ಲು ಚಿಕ್ಕಬಳ್ಳಾಪುರದ ಡಾಕ್ಟ್ರಮ್ಮ ನೋಡ್ಲಿ."

ಹಾಗೆ ಅವರ ಮುಂದೆ ಹೊಟ್ಟೆ ಬಿಟ್ಟುಕೊಂಡು ಮಲಗಿದೆ. ಕತ್ತಲು. ಎಡಕ್ಕೆ ತಿರುಗಿಸಿದರು, ಕೈಯನ್ನು ತಲೆಯ ಮೇಲೆ ಇಡಿಸಿದರು, ಉಸಿರು ಹಿಡಿಸಿದರು, ಪಕ್ಕೆಲುಬುಗಳ ಸಂದಿಯಲ್ಲಿ ಒತ್ತಿ ಒತ್ತಿ ಮೇಲಕ್ಕೆ ಹುಡುಕಿದರು. ನಾನು ಪರದೆಯನ್ನು ಬಿಟ್ಟು ಅವರ ಮುಖವನ್ನು ಓದುತ್ತಿದ್ದೆ. ಅದರಲ್ಲಿ ಏನೂ ಬರೆದಿರಲಿಲ್ಲ.

ಲೈಟು ಬಂತು. ಬಟ್ಟೆ ಬಂತು. ಗುಂಡಿ ಹಾಕಿಕೊಂಡೆ. ಆಮೇಲೆ ಪ್ರಶ್ನೆಗಳು. ಕಾಮಾಲೆ ಆಗಿತ್ತಾ? ಯಾವಾಗಾದರೂ ರಕ್ತ ಹಾಕಿಸಿದ್ದರಾ? ಕುಡಿಯುವ ಅಭ್ಯಾಸ? ಹಿಂದೆ ಎಲ್ಲಾದರೂ ಗಡ್ಡೆ ಗಿಡ್ಡೆ ತೆಗೆಸಿದ್ದು?

"ತೂಕ ಇಳಿದಿದ್ಯಾ?"

"ನಿನ್ನೆಯಿಂದ ಇಳಿದ ಹಾಗಿದೆ ಮೇಡಂ."

ಅವರು ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು. "ಏನ್ ಕೆಲಸ ಮಾಡ್ತೀರಾ ನೀವು?"

ಹೇಳಿದೆ. ಅವರಿಗೆ ಕುತೂಹಲ ಹುಟ್ಟಿತು. ಚಿಟ್ಟೆಯ ರಸದಲ್ಲಿ ಏನೇನು ಕಾಣುತ್ತದೆ, ಹೊಳೆಯುವುದೆಲ್ಲ ರೋಗದ ಕಣವೇನಾ ಎಂದೆಲ್ಲ ಕೇಳಿದರು. ಇಲ್ಲ ಮೇಡಂ, ಕೊಬ್ಬಿನ ಹನಿಯೂ ಹೊಳೆಯುತ್ತದೆ, ಬೂಷ್ಟಿನ ಬೀಜವೂ ಹೊಳೆಯುತ್ತದೆ. ಆಕಾರ ನೋಡಬೇಕು, ಅಂಚು ನೋಡಬೇಕು, ಅದು ಅಲುಗಾಡುವ ರೀತಿ ನೋಡಬೇಕು ಎಂದು, ಲಿವರನ್ನು ಎರಡು ನಿಮಿಷ ಮರೆತು, ಉತ್ಸಾಹದಿಂದ ವಿವರಿಸಿದೆ.

"ನಂದೂ ಅದೇ ಕೆಲಸ ಕಣ್ರೀ. ಒಂದೇ ವ್ಯತ್ಯಾಸ. ನಾನು ಸುಡಕ್ಕಾಗಲ್ಲ," ಅಂದರು. "ಹಿಮ್ಯಾಂಜಿಯೋಮಾ ಅಂದ್ರೆ ರಕ್ತನಾಳಗಳೇ ಸಿಂಬೆ ಸುತ್ಕೊಂಡು ಆಗಿರೋ ಗಂಟು. ಬೇಕಾದಷ್ಟು ಜನಕ್ಕೆ ಇರುತ್ತೆ, ಅದರ ಪಾಡಿಗೆ ಅದು ಇರುತ್ತೆ. ನಿಮ್ದು ನೋಡಕ್ಕೆ ಹಾಗೇ ಇದೆ. ಒಂದೇ ಇದೆ, ಅಂಚು ಶುದ್ಧವಾಗಿದೆ, ಸುತ್ತ ಲಿವರ್ ಚೆನ್ನಾಗಿದೆ. ಅಂಥದಕ್ಕೆ ಸೂಜಿ ಚುಚ್ಚಿದ್ರೆ ರಕ್ತ ಹರಿಯಬಹುದು. ಸೂಜಿ ಕೊನೇ ಮಾತು, ಮೊದಲನೇದಲ್ಲ. ಬೆಂಗಳೂರಿಗೆ ಫೋನ್ ಮಾಡಿ ಬೇಡ ಅನ್ನಿ."

ನನ್ನ ಎದೆಯ ಮೇಲಿಂದ ಒಂದು ಚೀಲ ಸಿಮೆಂಟು ಇಳಿದ ಹಾಗಾಯಿತು.

"ಹಳೇ ಸ್ಕ್ಯಾನ್ ಏನಾದ್ರೂ ಇದ್ಯಾ? ಅದರಲ್ಲೂ ಇದೇ ಕಂಡ್ರೆ ಇನ್ನೂ ನಿಶ್ಚಿಂತೆ."

ಇದ್ಯಾ ಅಂತೆ! ನಾನು ಹುಟ್ಟಿದಂದಿನಿಂದ ಯಾವ ಚೀಟಿಯನ್ನೂ ಬಿಸಾಡದ ಮನುಷ್ಯ. ಚೀಲ ಬಿಚ್ಚಿ, ತಾರೀಖಿನ ಪ್ರಕಾರ ಜೋಡಿಸಿಟ್ಟ ಕಟ್ಟಿನಿಂದ ಎಂಟು ವರ್ಷ ಹಿಂದಿನದೊಂದನ್ನು ಹೆಮ್ಮೆಯಿಂದ ತೆಗೆದುಕೊಟ್ಟೆ. ಆಗ ನನಗೆ ಗೌರಿಬಿದನೂರಿನಲ್ಲಿ ಕೆಲಸ. ಹೊಟ್ಟೆ ಉಬ್ಬರಕ್ಕೆಂದು ಅಲ್ಲಿನ ನರ್ಸಿಂಗ್ ಹೋಮಿನಲ್ಲಿ ಮಾಡಿಸಿದ್ದ ಸ್ಕ್ಯಾನ್. ಯಾರು ಮಾಡಿದ್ದೆಂದು ನಾನು ಗಮನಿಸಿರಲಿಲ್ಲ.

ಅವರು ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ನನ್ನ ಸಹಿ," ಅಂದರು. "ಆಗ ಪ್ರತಿ ಗುರುವಾರ ಗೌರಿಬಿದನೂರಿಗೆ ಹೋಗ್ತಿದ್ದೆ. ಲಿವರಲ್ಲಿ ಯಾವ ಗಂಟೂ ಇಲ್ಲ ಅಂತ ಬರ್ದಿದೀನಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಒಳ್ಳೆಯದೇ ಅಲ್ಲವೇ ಅನ್ನುವಂತೆ ನೋಡಿದೆ. ಆ ಹಾಳೆಯನ್ನು ಹಾಗೇ ಮಡಿಸಿ ಚೀಲಕ್ಕೆ ಹಾಕಿಕೊಟ್ಟಿದ್ದರೆ ನಾನು ಮನೆಗೆ ಹೋಗಿ ಹೋಳಿಗೆ ಮಾಡಿಸುತ್ತಿದ್ದೆ. ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ನೋಡೀಪ್ಪಾ, ಈಗ ಎರಡು ದಾರಿ ಇದೆ. ಒಂದು, ಅವತ್ತು ಇದು ಇರಲಿಲ್ಲ, ಆಮೇಲೆ ಬಂದಿದೆ. ನಿಮ್ಮ ವಯಸ್ಸಿಗೆ ಹೊಸದಾಗಿ ಬಂದಿದ್ರೆ, ಈಗ ತಾನೆ ಕೊಟ್ಟ ಸಮಾಧಾನ ನಾನು ವಾಪಸ್ ತಗೋಬೇಕು. ಎರಡು, ಅವತ್ತೂ ಇತ್ತು, ನನಗೆ ಕಾಣಲಿಲ್ಲ. ಇದು ಇರೋ ಜಾಗ ಲಿವರಿನ ನೆತ್ತಿ, ಪಕ್ಕೆಲುಬಿನ ಮರೆ. ಎಡಕ್ಕೆ ಮಲಗಿಸಿ, ಚೆನ್ನಾಗಿ ಉಸಿರು ಎಳೆಸಿ ಹುಡುಕದೇ ಇದ್ರೆ ತಪ್ಪಿಹೋಗುತ್ತೆ."

"ನೀವು ತಪ್ಪು ಮಾಡಿರಲ್ಲ ಮೇಡಂ," ಎಂದೆ, ಬಹಳ ವಿನಯದಿಂದ.

"ಮಾಡಿರಲಿ ಅಂತ ಬೇಡ್ಕೊಳ್ರೀ!"

ಆಗ ಹೊಳೆಯಿತು. ಅವರ ರಿಪೋರ್ಟು ಸರಿಯಿದ್ದರೆ ನನಗೆ ಆಪತ್ತು. ಅವರು ತಪ್ಪಿದ್ದರೆ ನಾನು ಬದುಕಿದೆ. ನಾನು ತಕ್ಷಣ ಪಕ್ಷ ಬದಲಿಸಿ, "ಅವತ್ತು ಬಹಳ ರಶ್ ಇತ್ತು ಮೇಡಂ, ನನಗೆ ನೆನಪಿದೆ," ಅಂದೆ.

"ರಶ್ ಇದ್ದಿದ್ದು ನನಗೆ. ಲಿವರ್ ಇದ್ದಿದ್ದು ನಿಮ್ಮದು," ಅಂದರು.

ನನ್ನೆದುರೇ ಬೆಂಗಳೂರಿನ ಎಂಆರ್‌ಐ ಡಾಕ್ಟರಿಗೆ ಫೋನು ಮಾಡಿದರು. ಔಷಧಿಯನ್ನು ರಕ್ತನಾಳಕ್ಕೆ ಬಿಟ್ಟು, ಅದು ಗಂಟಿನೊಳಗೆ ಹೇಗೆ ತುಂಬುತ್ತದೆಂದು ಹಂತಹಂತವಾಗಿ ತೆಗೆಯುವ ಚಿತ್ರ ಬೇಕು ಅಂದರು. "ಎಂಟು ವರ್ಷದ ಹಿಂದೆ ನಾರ್ಮಲ್ ಅಂತ ಒಂದು ರಿಪೋರ್ಟ್ ಇದೆ. ನಂದೇ. ಅದನ್ನ ನಂಬ್ಕೊಂಡು ಹೆದರಬೇಡಿ, ನನ್ನ ಮುಖ ನೋಡ್ಕೊಂಡು ಬಿಟ್ಟೂಬಿಡಬೇಡಿ. ಚಿತ್ರ ಏನು ಹೇಳುತ್ತೋ ಅದನ್ನ ಬರೀರಿ." ನನಗೆ ರಕ್ತಪರೀಕ್ಷೆಗಳನ್ನೂ ಬರೆದುಕೊಟ್ಟು, ಎಂಆರ್‌ಐ ರಿಪೋರ್ಟು ಬರುವ ತನಕ ನಾಲ್ಕು ದಿನ ಮೊಬೈಲಿನಲ್ಲಿ ಏನೂ ಹುಡುಕಬೇಡಿ ಅಂದರು. ಬಾಗಿಲು ದಾಟುವ ಮೊದಲೇ ಹುಡುಕಿದೆ.

ಆ ನಾಲ್ಕು ದಿನ ನಾನು ಮನೆಯಲ್ಲಿ ನಡೆದುಕೊಂಡ ರೀತಿ ನೆನೆದರೆ ಈಗಲೂ ಮೈ ಮುದುಡುತ್ತದೆ. ಸಂಪಿನ ಮೋಟಾರು ಹೇಗೆ ಹಾಕುವುದೆಂದು ಹೆಂಡತಿಗೆ ಕಲಿಸಿದೆ. ಬೀರುವಿನ ಬೀಗ ಕೊಂಚ ಎಡಕ್ಕೆ ಒತ್ತಿ ತಿರುಗಿಸಬೇಕೆಂದು ಎರಡು ಸಲ ಮಾಡಿ ತೋರಿಸಿದೆ. "ಇಪ್ಪತ್ತೆರಡು ವರ್ಷದಿಂದ ಆ ಬೀರು ತೆಗೀತಿರೋದು ನಾನು. ನಿಮ್ಮ ಬನಿಯನ್ ಯಾವ ಖಾನೇಲಿದೆ ಹೇಳಿ ನೋಡಣ?" ಅಂದಳು. ಗೊತ್ತಿರಲಿಲ್ಲ. ಆದರೆ ಮೂರನೆಯ ದಿನ ಸಂಜೆ ಸೊಪ್ಪು ಬಿಡಿಸುತ್ತ ಕೂತವಳು ಒಂದೇ ಕಂತೆಯನ್ನು ಅರ್ಧ ಗಂಟೆ ಬಿಡಿಸುತ್ತಿದ್ದಳು. ಅದನ್ನು ನೋಡಿ ನಾನು ಕಲಿಸುವುದನ್ನು ನಿಲ್ಲಿಸಿದೆ.

ಎಂಆರ್‌ಐ ರಿಪೋರ್ಟಿನಲ್ಲಿ ಹಿಮ್ಯಾಂಜಿಯೋಮಾ ಎಂದಿತ್ತು, ಪ್ರಶ್ನೆ ಚಿಹ್ನೆ ಇರಲಿಲ್ಲ. ರಕ್ತಪರೀಕ್ಷೆಗಳಲ್ಲೂ ದೋಷವಿರಲಿಲ್ಲ. ನಾನು ನಂಬಲಿಲ್ಲ. ಬೆಂಗಳೂರಿನಿಂದ ನೇರ ಚಿಕ್ಕಬಳ್ಳಾಪುರಕ್ಕೆ ಹೋದೆ. ಅವರು ರಿಪೋರ್ಟನ್ನು ಪಕ್ಕಕ್ಕಿಟ್ಟು ಸಿಡಿಯನ್ನು ಕಂಪ್ಯೂಟರಿಗೆ ಹಾಕಿ, ಚಿತ್ರಗಳನ್ನು ತಾವೇ ಒಂದೊಂದಾಗಿ ನೋಡಿದರು. ಇಪ್ಪತ್ತು ನಿಮಿಷ. ಔಷಧಿ ಗಂಟಿನ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಶುರುವಾಗಿ ನಿಧಾನಕ್ಕೆ ಒಳಗೆ ತುಂಬಿಕೊಳ್ಳುವುದನ್ನು ನನಗೂ ತೋರಿಸಿದರು.

"ನಾನು ತಪ್ಪಿದ್ದೆ!" ಅಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ. ತನ್ನ ತಪ್ಪು ಸಾಬೀತಾದದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯರನ್ನು ಸರ್ಕಾರಿ ನೌಕರಿಯಲ್ಲಿರುವ ನಾನು ಅದುವರೆಗೆ ಕಂಡಿರಲಿಲ್ಲ. "ಈ ಜಾತಿದು ಎಂಟು ವರ್ಷದಲ್ಲಿ ಹೊಸದಾಗಿ ಹುಟ್ಟಿ ಇಷ್ಟಾಗೋದು ಅಪರೂಪ. ಅವತ್ತೂ ಇತ್ತು ಇದು. ತನ್ನಿ ಆ ಹಳೇ ಹಾಳೆ."

ಕೊಟ್ಟೆ. ಪೆನ್ನು ತೆಗೆದರು. ಹಳೆಯ ಸಾಲನ್ನು ಹೊಡೆದುಹಾಕುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. ಕೆಳಗಿನ ಖಾಲಿ ಜಾಗದಲ್ಲಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನನಗೆ ತಿಳಿಯಲೆಂದು ಕನ್ನಡದಲ್ಲಿ ಬರೆದರು: "ಲಿವರಿನ ಬಗ್ಗೆ ಮೇಲೆ ಬರೆದದ್ದು ಸರಿಯಲ್ಲ. ಬಲಭಾಗದ ನೆತ್ತಿಯಲ್ಲಿ ಹಿಮ್ಯಾಂಜಿಯೋಮಾ ಅಂದೂ ಇದ್ದಿರಬೇಕು. ನಾನು ಆ ಜಾಗವನ್ನು ಪೂರ್ತಿ ನೋಡಿರಲಿಲ್ಲ." ಆ ದಿನದ ತಾರೀಖು, ಸಹಿ, ಮೊಹರು.

"ಯಾಕೆ ಮೇಡಂ ಇದೆಲ್ಲ? ಯಾರು ಕೇಳ್ತಾರೆ?" ಎಂದೆ. ನನಗೇ ಸಂಕೋಚವಾಗಿತ್ತು.

"ಕೇಳಲ್ಲ, ಓದ್ತಾರೆ. ನಾಳೆ ನಾನಿರಲ್ಲ, ಇನ್ನೊಬ್ಬ ಡಾಕ್ಟ್ರು ನೋಡ್ತಾರೆ. ಹಿಂದೆ ಇರಲಿಲ್ಲ, ಈಗ ಬಂದಿದೆ ಅಂತ ನನ್ನ ಸಹಿ ನಂಬ್ಕೊಂಡು ನಿಮ್ಮ ಹೊಟ್ಟೆ ಕುಯ್ದುಬಿಟ್ರೆ? ನೀವು ಬೇರೆ ಇದನ್ನ ಸಾಯೋವರ್ಗೂ ಜೋಪಾನ ಮಾಡೋ ಆಸಾಮಿ."

ಒಂದು ವರ್ಷ ಬಿಟ್ಟು ಒಂದು ಸಲ ಬನ್ನಿ, ಆಮೇಲೆ ಬೇಕಿಲ್ಲ ಅಂದಿದ್ದರು. ನಾನು ವರ್ಷ ವರ್ಷವೂ ಹೋದೆ. "ಇದೇನು ತಿಥಿನೇನ್ರೀ, ತಪ್ಪದೆ ಮಾಡಕ್ಕೆ?" ಎಂದು ಬೈದೇ ನೋಡುತ್ತಿದ್ದರು. ಅಲ್ಲಿನ ಸಿಸ್ಟರಮ್ಮ ಒಮ್ಮೆ ನನ್ನನ್ನು ಬಾಗಿಲಲ್ಲೇ ಹಿಡಿದುಕೊಂಡು ದೂರಿದರು: "ಸಾರ್, ನೀವು ಬಂದುಹೋದ ಮೇಲೆ ಮೇಡಂ ಒಬ್ಬರನ್ನೂ ಬಿಡ್ತಿಲ್ಲ. ಎಲ್ಲರಿಗೂ ಎಡಕ್ಕೆ ತಿರುಗಿ, ಇನ್ನೊಂದ್ಸಲ ಉಸಿರು ಎಳ್ಕೊಳಿ. ಒಬ್ಬೊಬ್ಬರಿಗೆ ಐದು ನಿಮಿಷ ಜಾಸ್ತಿ. ನಮ್ಮ ಊಟ ಈಗ ಮೂರೂವರೆಗೆ." ಆ ಐದೈದು ನಿಮಿಷವೂ ಆ ಭುಜದ ಮೇಲೆಯೇ ಬಿದ್ದಿತ್ತು ಎಂದು ನನಗೆ ಅನ್ನಿಸಿದ್ದು ಈಗ, ಇಳಿದ ಷಟರಿನ ಮುಂದೆ ನಿಂತಾಗ.

ಮೆಡಿಕಲ್ ಸ್ಟೋರಿನವನು, ಅವರು ಚಿಂತಾಮಣಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆ, ಚೆನ್ನಾಗಿದ್ದಾರೆ, ಯಾರಾದರೂ ರಿಪೋರ್ಟು ಹಿಡಿದುಕೊಂಡು ಅಲ್ಲಿಗೆ ಬಂದರೆ ನಾಯಿ ಬಿಡುತ್ತೇನೆ ಅಂದಿದ್ದಾರೆ ಅಂದ. ನಾಯಿ ಇದೆಯಾ ಎಂದು ಕೇಳಿದೆ. ಇಲ್ಲವಂತೆ.

ಖಾಲಿ ಹೊಟ್ಟೆ ಹಾಳಾಗಬಾರದೆಂದು ಎರಡು ಬೀದಿ ಆಚೆಯ ಹೊಸ ಸೆಂಟರಿಗೆ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು, ಚುರುಕು ಕೈ. ಮಲಗಿದ್ದಾಗಲೇ, "ಲಿವರಲ್ಲಿ ಏನೋ ಇದೆಯಲ್ಲ ಅಂಕಲ್, ಗೊತ್ತಾ ನಿಮಗೆ?" ಅಂದ. ಗೊತ್ತು ಎಂದು ಎದ್ದು ಕುಳಿತು ಕಾಗದಗಳನ್ನು ಕೊಟ್ಟೆ. ಎಂಆರ್‌ಐ ನೋಡಿ ತಲೆಯಾಡಿಸಿದ. ಅದರ ಹಿಂದಿನದು ಗೌರಿಬಿದನೂರಿನ ಹಾಳೆ. ಮೇಲಿನ ಸಾಲು ಓದಿ ಹುಬ್ಬು ಗಂಟಿಕ್ಕಿದ. ಕೆಳಗಿನದು ಓದಿದ. ಮತ್ತೆ ಮೇಲಿನದು. ಮತ್ತೆ ಕೆಳಗಿನದು.

"ಇವರ ಮೇಲೆ ಯಾರಾದ್ರೂ ಕಂಪ್ಲೇಂಟ್ ಮಾಡಿದ್ರಾ ಅಂಕಲ್?"

"ಇಲ್ಲಪ್ಪ. ಅವರೇ ಕೇಳಿ ಇಸ್ಕೊಂಡು ಬರೆದ್ರು."

ಅವನು ಹಾಳೆಯನ್ನು ಮಡಿಸಿ ಕೊಟ್ಟ. ನನ್ನ ರಿಪೋರ್ಟು ಟೈಪು ಮಾಡಲು ಕುಳಿತ. ಎರಡು ಸಾಲು ಹೊಡೆದು ಕೈ ನಿಲ್ಲಿಸಿದ. ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದ.

"ಅಂಕಲ್, ತಪ್ಪು ತಿಳೀಬೇಡಿ. ಇನ್ನೊಂದು ಸಲ ಮಲಗ್ತೀರಾ? ಎಡಗಡೆ ಕಿಡ್ನಿ ಮೇಲ್ಭಾಗ ನಾನು ಸರಿಯಾಗಿ ನೋಡಿಲ್ಲ."

ನನಗೆ ಗಾಬರಿಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಶರ್ಟು ಮೇಲೆತ್ತಿಕೊಂಡು ಮಲಗಿದೆ.